ಊರಿನ ಕಲಾ ಮ್ಯೂಸಿಯಂ ನಡೆಸಲು ಕರೆ ಬಂದಿದೆ, ಒಪ್ಪಿಕೊಳ್ಳುವ ಮುಂಚೆ ಏನೇನು ಕೇಳಬೇಕು?

ಕಡಲೂರ ಕಮಲಿ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಕಲಾ ಇತಿಹಾಸ. ಈಗ ಬೆಂಗಳೂರಿನ ಒಂದು ಖಾಸಗಿ ಗ್ಯಾಲರಿಯಲ್ಲಿ ಪ್ರದರ್ಶನಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಕರಾವಳಿಯ ಒಂದು ಟ್ರಸ್ಟ್‌ನವರು ತಮ್ಮ ಕಲಾ ಮ್ಯೂಸಿಯಂಗೆ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿ ಬನ್ನಿ ಅಂತ ಕರೆದಿದ್ದಾರೆ. ಊರಿನ ಹೆಸರು ಹೇಳಲ್ಲ, ದಯವಿಟ್ಟು ಯಾರೂ ಊಹೆ ಮಾಡಲು ಹೋಗಬೇಡಿ.

ಹುದ್ದೆಯ ಹೆಸರು ದೊಡ್ಡದು, ಸಿಬ್ಬಂದಿ ಕಡಿಮೆ. ಒಬ್ಬ ಕಾವಲುಗಾರ, ಟಿಕೆಟ್ಟು ಲೆಕ್ಕ ಎರಡನ್ನೂ ನೋಡುವವರು ಒಬ್ಬರು, ಗುಡಿಸಿ ಒರೆಸುವ ಅಮ್ಮ ಒಬ್ಬರು. ಹಂಚಿನ ಹಳೇ ಮನೆ, ಅದರ ಹಿಂದೆ ಹೊಸದಾಗಿ ಕಟ್ಟಿದ ಕಾಂಕ್ರೀಟ್ ಹಾಲ್. ಜಿಲ್ಲೆಯ ಹಳೇ ಡ್ರಾಯಿಂಗ್ ಮೇಷ್ಟ್ರುಗಳ ಜಲವರ್ಣ ಚಿತ್ರಗಳು, ಒಂದಷ್ಟು ತೈಲಚಿತ್ರ, ಯಕ್ಷಗಾನದ ಕಿರೀಟಗಳು, ಭೂತದ ಮರದ ಮೂರ್ತಿಗಳು ಇವೆ. ಟ್ರಸ್ಟಿಗಳು ಒಳ್ಳೆಯವರೇ. ಆದರೆ ಮಾತಾಡಿದಾಗಲೆಲ್ಲ ‘ಜನ ಬರೋ ಹಾಗೆ ಮಾಡಿ, ದುಡ್ಡು ತನ್ನಿ’ ಅನ್ನುತ್ತಾರೆಯೇ ಹೊರತು ಚಿತ್ರಗಳ ಮಾತೇ ಬರಲ್ಲ. ಇಂಥ ಕೆಲಸ ಮಾಡಿದವರು, ಹತ್ತಿರದಿಂದ ನೋಡಿದವರು ಏನಾದರೂ ಹೇಳಿ.

ಹಳೇ ಉಗ್ರಾಣಿ

ಮೊದಲು ರಿಜಿಸ್ಟರ್ ಕೇಳಿ ಮೇಡಂ. ಬಜೆಟ್ ಆಮೇಲೆ, ಸಂಬಳ ಆಮೇಲೆ.

ನಾನು ಮ್ಯೂಸಿಯಂ ಸ್ಟೋರ್‌ನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ರಿಜಿಸ್ಟರ್‌ನಿಂದ ಕಣ್ಣುಮುಚ್ಚಿ ಹತ್ತು ನಂಬರ್ ಆರಿಸಿ, ಆ ಹತ್ತು ವಸ್ತು ತೋರಿಸಿ ಅನ್ನಿ. ಆಮೇಲೆ ಉಲ್ಟಾ ಮಾಡಿ. ಸ್ಟೋರ್‌ನಿಂದ ಹತ್ತು ವಸ್ತು ಎತ್ತಿಕೊಂಡು ಅವು ಪುಸ್ತಕದಲ್ಲಿ ಎಲ್ಲಿವೆ ಅಂತ ಹುಡುಕಿಸಿ. ಮೊದಲನೆಯದರಲ್ಲಿ ಸೋತರೆ ವಸ್ತು ಕಾಣೆಯಾಗಿದೆ ಅಂತ. ಎರಡನೆಯದರಲ್ಲಿ ಸೋತರೆ ಅದು ಯಾರ ವಸ್ತು ಅಂತಲೇ ಮ್ಯೂಸಿಯಂಗೆ ಗೊತ್ತಿಲ್ಲ ಅಂತ. ಸಣ್ಣ ಊರುಗಳಲ್ಲಿ ಎರಡನೆಯದೇ ಜಾಸ್ತಿ.

ಚಿತ್ರದ ಹಿಂಬದಿ ನೋಡುವುದನ್ನು ಬಿಡಬೇಡಿ. ಚೌಕಟ್ಟಿನ ಹಿಂದೆ ಹಳದಿಯಾದ ಚೀಟಿ ಇರುತ್ತೆ, ಬಾಲ್‌ಪೆನ್ನಿನಲ್ಲಿ ‘ಪ್ರದರ್ಶನಕ್ಕಾಗಿ’ ಅಂತ ಬರೆದಿರುತ್ತಾರೆ, ಕೆಳಗೆ ಒಂದು ಸಹಿ. ಅಂದರೆ ಕೊಟ್ಟದ್ದು ತೋರಿಸೋದಕ್ಕೆ, ದಾನವಾಗಿ ಅಲ್ಲ. ಕೊಟ್ಟವರು ತೀರಿಕೊಂಡಿರುತ್ತಾರೆ, ಮ್ಯೂಸಿಯಂನವರು ನಮ್ಮದೇ ಅಂದುಕೊಂಡಿರುತ್ತಾರೆ, ಒಂದು ದಿನ ಮೊಮ್ಮಗ ವಕೀಲರನ್ನು ಕರೆದುಕೊಂಡು ಬಾಗಿಲಿಗೆ ಬರುತ್ತಾನೆ. ದಾನಪತ್ರ ಇರುವುದೆಷ್ಟು, ಎರವಲು ಎಷ್ಟು, ಎರಡೂ ಗೊತ್ತಿಲ್ಲದ್ದು ಎಷ್ಟು, ಈ ಮೂರನ್ನೂ ಬೇರೆ ಮಾಡಿಸಿ.

ಭೂತದ ಮೂರ್ತಿಗಳ ವಿಷಯದಲ್ಲಂತೂ ಇನ್ನೂ ಹುಷಾರು. 100 ವರ್ಷ ದಾಟಿದ್ದರೆ ಅವು 1972ರ ಪ್ರಾಚೀನ ವಸ್ತುಗಳ ಕಾಯ್ದೆಗೆ ಸಿಗುತ್ತವೆ, ನೋಂದಣಿ ಆಗಿದೆಯಾ ಕೇಳಿ. ಕಾಯ್ದೆ ಒಂದೇ ಅಲ್ಲ. ಅವು ಒಂದು ಕಾಲಕ್ಕೆ ಯಾವುದೋ ದೈವಸ್ಥಾನದಲ್ಲಿ ಕೋಲ ಕಂಡವು. ಬಾರ್ಕೂರು ಹತ್ತಿರದ ಮೆಕ್ಕೆಕಟ್ಟಿನ ಹಳೇ ಮೂರ್ತಿಗಳು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ನಿಂತಿವೆ, ನೋಡಿದವರಿಗೆ ಗೊತ್ತು. ನಿಮ್ಮಲ್ಲಿರುವುದು ಯಾವ ಸ್ಥಾನದ್ದು, ಆ ಮನೆತನದವರು ಒಪ್ಪಿ ಕೊಟ್ಟರಾ, ಕೇಳಿ.

ಡೆಟ್ರಾಯ್ಟ್ ಕನ್ನಡಿಗ

ಉಗ್ರಾಣಿ ಸರ್ ಹೇಳಿದ ‘ಯಾರದ್ದು’ ಅನ್ನೋ ಪ್ರಶ್ನೆ ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ನಮ್ಮೂರಿನ ಮ್ಯೂಸಿಯಂ ಕತೆ ಹೇಳಲೇಬೇಕು. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಡೆಟ್ರಾಯ್ಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್. ವ್ಯಾನ್ ಗೋ ಬರೆದುಕೊಂಡ ಸ್ವಂತ ಮುಖ ಇದೆ, ಬ್ರೂಗಲ್‌ನ ಮದುವೆ ಕುಣಿತ ಇದೆ, ಡಿಯೆಗೋ ರಿವೇರಾ 1932ರಿಂದ 33ರವರೆಗೆ ಕಾರ್ಖಾನೆ ಕೆಲಸಗಾರರನ್ನು ಬರೆದ 27 ಫಲಕಗಳ ಗೋಡೆಚಿತ್ರ ಇದೆ. ಇಷ್ಟಿದ್ದೂ ದಿನದ ಖರ್ಚಿಗೆ ದುಡ್ಡಿಲ್ಲ. 2012ರ ಆಗಸ್ಟ್‌ನಲ್ಲಿ ಸುತ್ತಲಿನ ವೇಯ್ನ್, ಓಕ್‌ಲೆಂಡ್, ಮ್ಯಾಕೂಂಬ್ ಅನ್ನೋ ಮೂರು ಕೌಂಟಿಗಳ (ನಮ್ಮ ಜಿಲ್ಲೆ ಇದ್ದ ಹಾಗೆ) ಜನರ ಮುಂದೆ ಮತಕ್ಕೆ ಹೋದರು. ನಿಮ್ಮ ಮನೆ ತೆರಿಗೆಯ ಜೊತೆ 10 ವರ್ಷ ಸ್ವಲ್ಪ ಸೇರಿಸಿ ಕೊಡಿ ಅಂದರು. ಒಂದೂವರೆ ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 15 ಡಾಲರ್ ಸುಮಾರು. ಬದಲಿಗೆ ಆ ಮೂರೂ ಕೌಂಟಿಯವರಿಗೆ ಪ್ರವೇಶ ಪುಕ್ಕಟೆ. ಮೂರೂ ಕಡೆ ಗೆದ್ದರು. ಮ್ಯಾಕೂಂಬ್‌ನಲ್ಲಿ ಮಾತ್ರ ಕೂದಲೆಳೆಯಷ್ಟರಲ್ಲಿ.

ಅಬ್ಬ ಅಂತ ಉಸಿರು ಬಿಟ್ಟು ಒಂದು ವರ್ಷ ಆಗಿರಲಿಲ್ಲ, 2013ರ ಜುಲೈನಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ಸಾಲ 18 ಶತಕೋಟಿ ಡಾಲರ್ ಹತ್ತಿರ. ಆಗ ಎಲ್ಲರಿಗೂ ನೆನಪಾಯಿತು, ಮ್ಯೂಸಿಯಂ ನಡೆಸುವುದು ಒಂದು ಲಾಭರಹಿತ ಸಂಸ್ಥೆ, ಆದರೆ ಚಿತ್ರಗಳು ಕಾಗದದ ಮೇಲೆ ನಗರದ್ದು! ಸಾಲ ಕೊಟ್ಟವರ ಕಣ್ಣು ಗೋಡೆಯ ಮೇಲೆ ಬಿತ್ತು. ನಗರದ ದುಡ್ಡಲ್ಲಿ ಕೊಂಡ ಕೃತಿಗಳಿಗೆ ಹರಾಜು ಸಂಸ್ಥೆ ಕ್ರಿಸ್ಟೀಸ್‌ನವರು 45.4 ಕೋಟಿಯಿಂದ 86.7 ಕೋಟಿ ಡಾಲರ್ ಬೆಲೆ ಕಟ್ಟಿದರು. ಇನ್ನೊಂದು ಕಡೆ ನಗರದ ನಿವೃತ್ತ ನೌಕರರ ಪಿಂಚಣಿಗೆ ಕತ್ತರಿ ಬೀಳುವುದರಲ್ಲಿತ್ತು. ಫೈರ್ ಸರ್ವಿಸ್‌ನಲ್ಲಿ ದುಡಿದು ನಿವೃತ್ತನಾದ ಒಬ್ಬನ ಮುಂದೆ ನಿಂತು ‘ಬ್ರೂಗಲ್ ಮಾರಬೇಡಿ’ ಅನ್ನೋದಕ್ಕೆ ಯಾವ ಬಾಯಿ ಬರುತ್ತೆ ಹೇಳಿ?

ಕೊನೆಗೆ ದೊಡ್ಡ ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ, ಮ್ಯೂಸಿಯಂ ಮೂವರೂ ಸೇರಿ 80 ಕೋಟಿ ಡಾಲರ್‌ಗೂ ಮಿಕ್ಕಿದ ಹಣ ಪಿಂಚಣಿಗೆ ಅಂತ ಒಟ್ಟು ಮಾಡಿದರು. ಅದರಲ್ಲಿ 10 ಕೋಟಿ ಮ್ಯೂಸಿಯಂ ತಾನೇ ಎತ್ತಬೇಕಿತ್ತು. ಪ್ರತಿಯಾಗಿ 2014ರ ಕೊನೆಗೆ ಕಟ್ಟಡ, ಸಂಗ್ರಹ ಎಲ್ಲದರ ಒಡೆತನ ಆ ಲಾಭರಹಿತ ಸಂಸ್ಥೆಗೆ ಬಂತು. ಆಗಿನ ನಿರ್ದೇಶಕ ಗ್ರಹಾಂ ಬೀಲ್, ಆ ವರ್ಷಗಳಲ್ಲಿ ಅವರ ತಲೆಯಲ್ಲಿ ಚಿತ್ರಕಲೆಗೆ ಎಷ್ಟು ಜಾಗ ಉಳಿದಿತ್ತೋ ಏನೋ. 2015ರಲ್ಲಿ ನಿವೃತ್ತರಾದರು. ತೆರಿಗೆಯನ್ನು ಜನ 2020ರಲ್ಲಿ ಮತ್ತೆ ಮತ ಹಾಕಿ ಮುಂದುವರಿಸಿದರು.

ಕಮಲಿಯವರೇ, ನಿಮ್ಮ ಕಟ್ಟಡ ಯಾರ ಹೆಸರಲ್ಲಿದೆ? ಜಾಗದ ಪಹಣಿ ನೋಡಿದಿರಾ?

ಕಸ್ತೂರ್ಬಾ ರಸ್ತೆ

ಅಮೆರಿಕಕ್ಕೆ ಯಾಕೆ ಹೋಗಬೇಕು ಸ್ವಾಮಿ, ನಮ್ಮ ಬೆಂಗಳೂರಲ್ಲೇ ಆಗಿದೆ. ವೆಂಕಟಪ್ಪ ಆರ್ಟ್ ಗ್ಯಾಲರಿ. ಸರ್ಕಾರದ್ದು, ಪಕ್ಕದ ಸರ್ಕಾರಿ ವಸ್ತು ಸಂಗ್ರಹಾಲಯದ ಜೊತೆಗೇ ಇದೆ. ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್ ಜಲವರ್ಣಗಳು ಅಲ್ಲಿವೆ. ಅದಕ್ಕಿಂತ ಮುಖ್ಯ, ನನ್ನಂಥ ಕಾಸಿಲ್ಲದ ಹುಡುಗರು ಕಡಿಮೆ ಬಾಡಿಗೆಗೆ ಹಾಲ್ ಹಿಡಿದು ಮೊದಲ ಶೋ ಮಾಡುತ್ತಿದ್ದ ಜಾಗ ಅದು. ಫ್ರೇಮ್‌ಗಳನ್ನು ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದು, ನಾವೇ ಮೊಳೆ ಹೊಡೆದು, ನಾವೇ ಚಹಾ ತಂದು ಉದ್ಘಾಟನೆ ಮಾಡುತ್ತಿದ್ದೆವು.

ಪ್ರವಾಸಿ ತಾಣಗಳನ್ನು ದತ್ತು ಕೊಡುವ ಯೋಜನೆಯ ಕೆಳಗೆ ಅದನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ಕೊಡಲು ಸರ್ಕಾರ ಒಪ್ಪಂದ ಮಾಡಿಕೊಂಡದ್ದು ಗೊತ್ತಾಗಿ 2015, 16ರಲ್ಲಿ ಕಲಾವಿದರು ಬೀದಿಗೆ ಇಳಿದರು. ನಾನೂ ಇದ್ದೆ. ನಮ್ಮ ಪ್ರಶ್ನೆ ಒಂದೇ, ಬಳಸುವವರನ್ನು ಒಂದು ಮಾತು ಕೇಳದೆ ಕೊಡೋದಕ್ಕೆ ಅದು ನಿಮ್ಮ ಸ್ವಂತದ್ದಾ? ಕೊನೆಗೆ ಆ ಒಪ್ಪಂದ ಕೈಬಿಟ್ಟರು.

ಆದ್ದರಿಂದ ಕಮಲಿ ಮೇಡಂ, ಟ್ರಸ್ಟಿಗಳನ್ನು ಕೇಳಿದ್ದಾಯಿತು, ಆ ಊರಿನ ಕಲಾವಿದರನ್ನು ಕೇಳಿದಿರಾ? ಅವರು ಯಾಕೆ ಒಳಗೆ ಬರುತ್ತಿಲ್ಲ ಅಂತ?

ಲೆಕ್ಕದ ಪುಟ್ಟಣ್ಣ

ಕಸ್ತೂರ್ಬಾ ರಸ್ತೆಯವರೇ, ಕತೆಯ ಉಳಿದರ್ಧವನ್ನೂ ಹೇಳಿ. ಆ ಪ್ರತಿಷ್ಠಾನದ ಜನವೇ ಕಸ್ತೂರ್ಬಾ ರಸ್ತೆಯಲ್ಲೇ ಸ್ವಂತ ಕಟ್ಟಡ ಕಟ್ಟಿ 2023ರ ಫೆಬ್ರವರಿಯಲ್ಲಿ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ತೆರೆದರು. ಹೋಗಿ ನೋಡಿದೆ, ಚೆನ್ನಾಗಿದೆ, ಲಿಫ್ಟ್ ಇದೆ, ಶೌಚಾಲಯ ಶುಚಿಯಾಗಿದೆ. ಖಾಸಗಿ ದುಡ್ಡು ಅಂದ ಕೂಡಲೇ ಮೂಗು ಮುರಿಯುವುದು ಬೇಡ.

ಕಮಲಿಯವರೇ, ನೀವು ಕೇಳಬೇಕಾದ್ದು ಇಷ್ಟು. ಟ್ರಸ್ಟ್‌ಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (1961ರ ಕಾಯ್ದೆಯಲ್ಲಿ ಇವು 12ಎ, 80ಜಿ) ಇದೆಯಾ? ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಾಮಾಜಿಕ ಹೊಣೆ ಅಂತ ಕೊಡುವ ದುಡ್ಡು, ತಗೊಳ್ಳಲು ಸಿಎಸ್‌ಆರ್-1 ಅರ್ಜಿ ಹಾಕಿದ್ದಾರಾ? 2013ರ ಕಂಪನಿ ಕಾಯ್ದೆಯಲ್ಲಿ ಕಲೆ, ಪರಂಪರೆ, ಕಲಾಕೃತಿಗಳ ದುರಸ್ತಿ ಎಲ್ಲಕ್ಕೂ ಜಾಗ ಇದೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮಾಡುವ ಕಂಪನಿಗೂ ಲಾಭದ 2% ಇಂಥ ಕೆಲಸಕ್ಕೆ ಕೊಡಬೇಕು ಅನ್ನೋ ನಿಯಮ ಹತ್ತುತ್ತದೆ. ಗೋಡಂಬಿ ಕಾರ್ಖಾನೆ, ಮೀನಿನ ರಫ್ತು, ಆಸ್ಪತ್ರೆ, ನಿಮ್ಮ ಕರಾವಳಿಯಲ್ಲಿ ಅಂಥವರಿಗೆ ಬರವಿಲ್ಲ.

ಆದರೆ ಒಂದು ಮಾತು. ಕಂಪನಿಯವರು ಹೊಸ ಹಾಲ್‌ಗೆ ಕೊಡುತ್ತಾರೆ, ರಿಬ್ಬನ್ ಕತ್ತರಿಸಬಹುದಲ್ಲ. ಕರೆಂಟ್ ಬಿಲ್‌ಗೆ, ಕಾವಲುಗಾರನ ಸಂಬಳಕ್ಕೆ ಯಾರೂ ಕೊಡಲ್ಲ. ಪ್ರತಿ ಯೋಜನೆಯ ಬಜೆಟ್‌ನಲ್ಲೂ ನಿರ್ವಹಣೆಗೆ ಅಂತ ಒಂದು ಸಾಲು ಮೊದಲೇ ಸೇರಿಸಿ. ಆಮೇಲೆ ಕೇಳಿದರೆ ಬರಲ್ಲ.

ತೀರಾ ಕಷ್ಟ ಬಂದರೆ ಸ್ಟೋರ್‌ನಲ್ಲಿ ಧೂಳು ತಿನ್ನುತ್ತಿರುವ ಒಂದೆರಡು ಚಿತ್ರ ಮಾರಿದರೂ ಆಯ್ತಲ್ಲ? ಯಾರೂ ನೋಡದ ಚಿತ್ರ ಇದ್ದೇನು ಪ್ರಯೋಜನ?

ಡೆಟ್ರಾಯ್ಟ್ ಕನ್ನಡಿಗ

ಪುಟ್ಟಣ್ಣ, ಕೊನೆಯ ಸಾಲು ವಾಪಸ್ ತಗೊಳ್ಳಿ! ನಿಮ್ಮ ಹಾಗೆಯೇ ಯೋಚಿಸಿದವರ ಗತಿ ಏನಾಯಿತು ನೋಡಿ.

ಡೆಲಾವೇರ್ ಆರ್ಟ್ ಮ್ಯೂಸಿಯಂ, ವಿಲ್ಮಿಂಗ್ಟನ್. ಕಟ್ಟಡ ದೊಡ್ಡದು ಮಾಡಲು ಸಾಲ ಎತ್ತಿದರು. ತೀರಿಸಲು ಆಗಲಿಲ್ಲ. 2014ರಲ್ಲಿ ಹೋಲ್ಮನ್ ಹಂಟ್‌ನ ‘ಇಸಬೆಲ್ಲಾ’ ಚಿತ್ರ ಹರಾಜಿಗೆ ಹಾಕಿದರು. ಗೋಡೆಗೆ ಸುಣ್ಣ ಹೊಡೆಸಲು ತಾಳಿ ಅಡ ಇಟ್ಟ ಹಾಗೆ. ಅಲ್ಲಿನ ಮ್ಯೂಸಿಯಂ ನಿರ್ದೇಶಕರ ಸಂಘ ‘ಇವರಿಗೆ ಯಾರೂ ಚಿತ್ರ ಎರವಲು ಕೊಡಬೇಡಿ’ ಅಂದುಬಿಟ್ಟಿತು. ಆ ಸಂಘದ ಕಟ್ಟಳೆ ಏನೆಂದರೆ ಚಿತ್ರ ಮಾರಿದ ದುಡ್ಡಲ್ಲಿ ಚಿತ್ರವನ್ನೇ ಕೊಳ್ಳಬೇಕು, ಸಾಲಕ್ಕೂ ಸಂಬಳಕ್ಕೂ ಮುಟ್ಟಬಾರದು. ಈಚೆಗೆ ಸಂಗ್ರಹದ ಆರೈಕೆಗೂ ಬಳಸಲು ಸ್ವಲ್ಪ ಸಡಿಲ ಮಾಡಿದ್ದಾರೆ.

ಬರ್ಕ್‌ಶೈರ್ ಮ್ಯೂಸಿಯಂದು ಇನ್ನೂ ನೋವಿನದ್ದು. ಪಿಟ್ಸ್‌ಫೀಲ್ಡ್ ಅನ್ನೋ ಸಣ್ಣ ಊರು. 2017ರ ಜುಲೈನಲ್ಲಿ 40 ಕೃತಿ ಮಾರುತ್ತೇವೆ ಅಂದರು. ಅದರಲ್ಲಿ ನಾರ್ಮನ್ ರಾಕ್‌ವೆಲ್‌ನ ಎರಡು. ಆತ ಹತ್ತಿರದ ಊರಲ್ಲೇ ಬದುಕಿದವನು, ಚಿತ್ರಗಳನ್ನು ಮ್ಯೂಸಿಯಂಗೆ ಕೈಯಾರೆ ಕೊಟ್ಟವನು. ಅವನ ಮಕ್ಕಳೇ ಕೋರ್ಟಿಗೆ ಹೋದರು. 2018ರ ಏಪ್ರಿಲ್‌ನಲ್ಲಿ ಕೋರ್ಟ್ ಮಾರಲು ಒಪ್ಪಿತು, ನಿರ್ದೇಶಕರು ಆ ಬೇಸಿಗೆಯಲ್ಲೇ ನಿವೃತ್ತಿ ಅಂತ ಹೊರಟರು. ಮ್ಯೂಸಿಯಂಗೆ ದುಡ್ಡು ಬಂತು, ಸುಳ್ಳಲ್ಲ. ಆದರೆ ‘ನಮ್ಮ ಅಜ್ಜನ ಚಿತ್ರ ನಿಮಗೆ ಕೊಡ್ತೀವಿ’ ಅನ್ನೋ ಬಾಯಿ ಆ ಊರಲ್ಲಿ ಮತ್ತೆ ಸುಲಭಕ್ಕೆ ತೆರೆಯುತ್ತಾ?

ಲೆಕ್ಕದ ಪುಟ್ಟಣ್ಣ

ಸರಿ ಸ್ವಾಮಿ, ದುಡ್ಡು ಬಂತು ಅಂತ ನೀವೇ ಒಪ್ಪಿದಿರಲ್ಲ. ಬಾಗಿಲು ಮುಚ್ಚಿದ ಮ್ಯೂಸಿಯಂಗಿಂತ ಒಂದಷ್ಟು ಚಿತ್ರ ಕಡಿಮೆ ಇರುವ ಮ್ಯೂಸಿಯಂ ವಾಸಿ ಅನ್ನೋದು ನನ್ನ ಲೆಕ್ಕ. ಒಪ್ಪದಿದ್ದರೆ ಬಿಡಿ.

ಮಳೆಗಾಲದ ವೈರಿ

ದುಡ್ಡಿನ ಜಗಳ ಮುಗಿಯಲ್ಲ, ಬಿಡಿ. ನಾನು ಕಾಗದ, ಬಟ್ಟೆ ಮೇಲಿನ ಕೃತಿಗಳ ಸಂರಕ್ಷಣೆ ಮಾಡುವವಳು. ಕರಾವಳಿ, ಹಂಚಿನ ಮನೆ, ಜಲವರ್ಣ, ಈ ಮೂರು ಒಟ್ಟಿಗೆ ಕೇಳಿಯೇ ನನಗೆ ನಿದ್ದೆ ಬರಲ್ಲ.

ಕಮಲಿ, ಜುಲೈ ತಿಂಗಳಲ್ಲಿ ಹೋಗಿ ನೋಡು, ಡಿಸೆಂಬರ್‌ನಲ್ಲಿ ನೋಡಿ ಮರುಳಾಗಬೇಡ. ಮಳೆ ಹೊಡೆಯುವ ಕಡೆಯ ಗೋಡೆಗೆ ಅಂಗೈ ಒತ್ತಿ ನೋಡು. ತಣ್ಣಗೆ, ಒದ್ದೆ ಒದ್ದೆ ಇದ್ದರೆ ಆ ಗೋಡೆಗೆ ಒಂದು ಚಿತ್ರವೂ ಬೇಡ. ಬೇರೆ ಗೋಡೆಯಲ್ಲೂ ಫ್ರೇಮ್‌ನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ ಗಾಳಿ ಆಡೋಕೆ ಸಂದು ಬಿಡಿಸು. ಕಾಗದ ಗಾಜಿಗೆ ತಾಗಿಕೊಂಡಿದ್ದರೆ ನಡುವೆ ರಟ್ಟಿನ ಮೌಂಟ್ ಹಾಕಿಸು, ಇಲ್ಲಾಂದ್ರೆ ಮೊದಲ ಮಳೆಗಾಲಕ್ಕೇ ಬಣ್ಣ ಗಾಜಿಗೆ ಹಿಡಿಯುತ್ತೆ. ಜಲವರ್ಣಕ್ಕೆ ಬೆಳಕು 50 ಲಕ್ಸ್ ಮೀರಬಾರದು, ತೈಲಕ್ಕೆ 200ರ ತನಕ ಪರವಾಗಿಲ್ಲ. ಕಾಗದದ ಕೃತಿಗಳನ್ನು ಕೆಲವು ತಿಂಗಳು ತೋರಿಸಿ ಆಮೇಲೆ ಕತ್ತಲಲ್ಲಿ ಇಡಬೇಕು.

ಹೊಸ ಹಾಲ್‌ಗೆ ಏಸಿ ಹಾಕಿಸುತ್ತೇವೆ ಅಂತ ಟ್ರಸ್ಟಿಗಳು ಹೆಮ್ಮೆಯಿಂದ ಹೇಳುತ್ತಾರೆ ನೋಡು. ರಾತ್ರಿ ಆರಿಸುತ್ತೀರಾ ಅಂತ ಕೇಳು. ಹಗಲು ತಣ್ಣಗೆ ಒಣಗಿಸಿ ರಾತ್ರಿ ತೇವ ಕುಡಿಸಿದರೆ ಮರ ಸೀಳುತ್ತೆ, ಬಣ್ಣ ಪದರ ಪದರ ಏಳುತ್ತೆ. ಅದಕ್ಕಿಂತ ಏಸಿ ಇಲ್ಲದಿರುವುದೇ ಎಷ್ಟೋ ವಾಸಿ. ಮತ್ತೆ, ಫೆವಿಕಾಲ್ ಡಬ್ಬ ಕಂಡರೆ ಎತ್ತಿ ಬೇರೆಡೆ ಇಡಿಸು. ಹರಿದ ಚಿತ್ರಕ್ಕೆ ಅದನ್ನು ಬಳಿದ ಪುಣ್ಯಾತ್ಮರನ್ನು ಎಷ್ಟು ಮ್ಯೂಸಿಯಂನಲ್ಲಿ ಕಂಡಿಲ್ಲ!

ನಂಜನಗೂಡು ರಸ್ತೆ

50 ಲಕ್ಸ್ ಅಂದರೆ ಬಂದವರು ‘ಏನ್ರೀ ಕತ್ತಲೆ’ ಅಂತ ಬೈಯಲ್ವಾ?

ನಾನು ಮೈಸೂರಿನವನು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಹಲ್ದಂಕರ್ ಬರೆದದ್ದು, ಅದು ಜಲವರ್ಣವೇ. ಕತ್ತಲ ಕೋಣೆಯಲ್ಲೇ ತೋರಿಸುತ್ತಿದ್ದರು, ದೀಪದ ಬೆಳಕು ಮುಖಕ್ಕೆ ಬಿದ್ದದ್ದು ಆಗಲೇ ಚೆನ್ನಾಗಿ ಕಾಣೋದು. ರವಿವರ್ಮನ ಚಿತ್ರಗಳನ್ನು ದಾಟಿಕೊಂಡು ಜನ ಅಲ್ಲಿಗೆ ಓಡುತ್ತಿದ್ದರು. ಕತ್ತಲೆಯನ್ನೇ ಆಟ ಮಾಡಿಕೊಳ್ಳಬಹುದು ಅಂತ ನನ್ನ ಅಭಿಪ್ರಾಯ. ನಿಮ್ಮ ಊರಿಗೆ ಅಂಥ ಒಂದು ಚಿತ್ರ ಸಾಕು, ಊರಿನವರು ನೆಂಟರನ್ನು ಕರೆದುಕೊಂಡು ಬರೋದು ಒಂದು ಚಿತ್ರ ನೋಡಲು, ಸಂಗ್ರಹ ನೋಡಲು ಅಲ್ಲ.

ಕಡಲೂರ ಕಮಲಿ

ಎಷ್ಟು ಉತ್ತರಗಳು! ಎಲ್ಲರಿಗೂ ಥ್ಯಾಂಕ್ಸ್. ಪಹಣಿ ನೋಡಿರಲಿಲ್ಲ ಅಣ್ಣ, ಇವತ್ತೇ ಕೇಳುತ್ತೇನೆ. ಊರಿನ ಕಲಾವಿದರ ಜೊತೆಗೂ ಮಾತಾಡುತ್ತೇನೆ.

ಹೊಸದೊಂದು ಸಂಗತಿ. ಅಧ್ಯಕ್ಷರ ಬೀಗರ ಮನೆಯಲ್ಲಿ ಒಂದು ‘ಒರಿಜಿನಲ್ ರವಿವರ್ಮ’ ಇದೆಯಂತೆ, ಮ್ಯೂಸಿಯಂಗೆ ಕೊಡುತ್ತಾರಂತೆ. ನಾನು ಸೇರಿದ ದಿನವೇ ಅದರ ಅನಾವರಣ, ಮಂತ್ರಿಗಳು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಫೋಟೋ ಕಳಿಸಿದ್ದಾರೆ, ಲಕ್ಷ್ಮಿ, ಸೀರೆಗೆ ಜರಿ ಅಂಟಿಸಿದೆ. ಏನು ಹೇಳಲಿ?

ಹಳೇ ಉಗ್ರಾಣಿ

ಜರಿ ಅಂಟಿಸಿದೆ ಅಂದಾಗಲೇ ಗೊತ್ತಾಯಿತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರು ನಮ್ಮ ದೇಶದ ಅರ್ಧ ದೇವರಮನೆ ಸೇರಿದರು. ಮನೆಯ ಹೆಂಗಸರು ಅದರ ಮೇಲೆ ಜರಿ, ಚಮಕಿ, ಮಣಿ ಹಚ್ಚಿ ಸಿಂಗರಿಸುತ್ತಿದ್ದರು. ಭೂತಗನ್ನಡಿ ಹಿಡಿದು ಕೆನ್ನೆ ನೋಡಿ, ಸಣ್ಣ ಸಣ್ಣ ಚುಕ್ಕೆಗಳು ಕಂಡರೆ ಅಚ್ಚು. ಬ್ರಷ್ಷಿನ ಗೆರೆ ಅಲ್ಲಿ ಇರಲ್ಲ.

ಅಚ್ಚು ಅಂತ ಬೇಡ ಅನ್ನಬೇಡಿ. ಆ ಜರಿ ಕೆಲಸ ಮಾಡಿದ ಅಜ್ಜಿ ಯಾರು ಅಂತ ಕೇಳಿ, ಅವರ ಹೆಸರು ಹಾಕಿ ತೂಗುಹಾಕಿ, ಅದು ನಿಮ್ಮ ಜಿಲ್ಲೆಯ ಕಲೆ. ಆದರೆ ಫಲಕದಲ್ಲಿ ‘ರವಿವರ್ಮನ ಮೂಲ ತೈಲಚಿತ್ರ’ ಅಂತ ಬರೆದಿರೋ, ಹೋಯಿತು. ನಿಜವಾಗಿ ಮೂಲವೇ ಆಗಿದ್ದರೆ ಅದು ಕಾಯ್ದೆಯ ಪ್ರಕಾರ ಕಲಾ ನಿಧಿ, ದೇಶ ಬಿಟ್ಟು ಹೋಗುವಂತಿಲ್ಲ, ಕಾಗದಪತ್ರ ಬೇರೆಯೇ.

ಡೆಟ್ರಾಯ್ಟ್ ಕನ್ನಡಿಗ

ಅನಾವರಣದ ದಿನ ಮೊದಲು ಗೊತ್ತು ಮಾಡಿ ಆಮೇಲೆ ಚಿತ್ರ ಪರೀಕ್ಷೆ ಮಾಡಿಸುವವರಿಗೆ ಒರ್ಲ್ಯಾಂಡೊ ನೆನಪಿಸಿ. ಅದೂ ಒಂದು ಪ್ರಾದೇಶಿಕ ಮ್ಯೂಸಿಯಂ. 2022ರಲ್ಲಿ ಅಮೆರಿಕದ ಕಲಾವಿದ ಬಾಸ್ಕಿಯಾ ಬರೆದದ್ದು ಅಂತ 25 ಚಿತ್ರ ತೋರಿಸಿದರು. ಒಂದು ಚಿತ್ರ ರಟ್ಟಿನ ಡಬ್ಬದ ತುಂಡಿನ ಮೇಲೆ ಇತ್ತು, ಆ ರಟ್ಟಿನ ಹಿಂದೆ ಫೆಡೆಕ್ಸ್ ಕೊರಿಯರ್ ಕಂಪನಿಯ ಅಚ್ಚಕ್ಷರ. ಆ ಅಕ್ಷರಶೈಲಿಯನ್ನು ಕಂಪನಿ ಬಳಸಲು ಶುರು ಮಾಡಿದ್ದು 1994ರಲ್ಲಿ. ಕಲಾವಿದ ಸತ್ತದ್ದು 1988ರಲ್ಲಿ. ಎಫ್‌ಬಿಐನವರು ಜೂನ್‌ನಲ್ಲಿ ಬಂದು 25ನ್ನೂ ಹೊತ್ತುಕೊಂಡು ಹೋದರು, ಕೆಲವೇ ದಿನಕ್ಕೆ ನಿರ್ದೇಶಕರ ಕೆಲಸ ಹೋಯಿತು.

ಕಸ್ತೂರ್ಬಾ ರಸ್ತೆ

ಇನ್ನೊಂದು, ಪೋಸ್ಟ್‌ಕಾರ್ಡ್, ಕ್ಯಾಲೆಂಡರ್ ಮಾಡಿ ಮಾರುವ ಆಸೆ ಟ್ರಸ್ಟಿಗಳಿಗೆ ಬಂದೇ ಬರುತ್ತೆ. ಚಿತ್ರ ನಿಮ್ಮ ಹತ್ತಿರ ಇದ್ದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ನಿಮ್ಮದಲ್ಲ. ಕಲಾವಿದ ತೀರಿಕೊಂಡು 60 ವರ್ಷದ ತನಕ ಅದು ಅವನ ವಾರಸುದಾರರದ್ದು. ವೆಂಕಟಪ್ಪನವರು 1965ರಲ್ಲಿ ಹೋದರು, ಅವರ ಲೆಕ್ಕ 2025ರ ಕೊನೆಗೆ. ಕೆ.ಕೆ. ಹೆಬ್ಬಾರರು 1996ರಲ್ಲಿ ಹೋದರು, ಅವರದ್ದು ಇನ್ನೂ ಬಹಳ ದೂರ. ನಿಮ್ಮ ಡ್ರಾಯಿಂಗ್ ಮೇಷ್ಟ್ರುಗಳ ಮಕ್ಕಳು ಊರಲ್ಲೇ ಇರುತ್ತಾರೆ, ಹೋಗಿ ಒಂದು ಲೋಟ ಕಾಫಿ ಕುಡಿದು ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಮಾರಾಟದಲ್ಲಿ ಅವರಿಗೂ ಪಾಲು ಕೊಡಿ.

ಕಡಲೂರ ಕಮಲಿ

ಅಪ್‌ಡೇಟ್. ನಿನ್ನೆ ಟ್ರಸ್ಟಿಗಳ ಜೊತೆ ಮಾತಾಡಿದೆ. ಜಾಗ ಟ್ರಸ್ಟ್ ಹೆಸರಲ್ಲಿಲ್ಲ, ಸ್ಥಾಪಕರ ಮನೆಯವರ ಹೆಸರಲ್ಲೇ ಇದೆ! ಬಾಡಿಗೆ ಕರಾರೂ ಇಲ್ಲ. ರಿಜಿಸ್ಟರ್ ಇದೆ, ಆದರೆ ಕಾಂಕ್ರೀಟ್ ಹಾಲ್ ಕಟ್ಟಿದ ಮೇಲೆ ಬಂದದ್ದು ಯಾವುದೂ ಅದರಲ್ಲಿ ಬರೆದಿಲ್ಲ.

ನಾನು ಮೂರು ಷರತ್ತು ಹೇಳಿದ್ದೇನೆ. ಮೊದಲ ವರ್ಷ ಸಂಗ್ರಹದ ಪಟ್ಟಿ, ದಾನಪತ್ರಗಳು ಮತ್ತು ಸೋರುವ ಮಾಡು, ಇಷ್ಟೇ ಕೆಲಸ, ಹೊಸ ದೊಡ್ಡ ಪ್ರದರ್ಶನ ಇಲ್ಲ. ಏನು ತಗೊಳ್ಳಬೇಕು, ಏನು ತೂಗುಹಾಕಬೇಕು ಅನ್ನೋದು ನಿರ್ದೇಶಕಿಯ ತೀರ್ಮಾನ, ಟ್ರಸ್ಟಿಗಳು ದುಡ್ಡು ಮತ್ತು ನಿಯಮ ನೋಡಲಿ. ಲಕ್ಷ್ಮಿ ಚಿತ್ರವನ್ನು ಅಚ್ಚು ಅಂತಲೇ ಹೇಳಿ ತೋರಿಸುವುದು. ಮೊದಲ ಎರಡಕ್ಕೆ ತಲೆ ಆಡಿಸಿದರು. ಮೂರನೆಯದಕ್ಕೆ ಅಧ್ಯಕ್ಷರು ಫೋನ್ ಇಟ್ಟರು.

ಲೆಕ್ಕದ ಪುಟ್ಟಣ್ಣ

ತಲೆ ಆಡಿಸಿದ್ದು ಸಾಲದು ತಾಯಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ಜಾಗಕ್ಕೆ 30 ವರ್ಷದ ಗುತ್ತಿಗೆ ಕೇಳಿ, ನೋಂದಣಿ ಮಾಡಿಸಲೇಬೇಕು, ಬರೀ ಸ್ಟ್ಯಾಂಪ್ ಪೇಪರ್ ಬೇಡ. ಅದಾಗುವ ತನಕ ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಮಳೆಗಾಲದ ವೈರಿ

ಮಾಡು ರಿಪೇರಿಗೆ ಮುಂಚೆ ನನಗೆ ಒಂದು ಫೋಟೋ ಕಳಿಸು ಕಮಲಿ. ಹಂಚಿನ ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಕಿ ಮುಚ್ಚಿಬಿಡುತ್ತಾರೆ, ಆಮೇಲೆ ಒಳಗೆ ಗಾಳಿಯೇ ಆಡಲ್ಲ. ಜಂತಿಗೆ ಗೆದ್ದಲು ಹತ್ತಿದೆಯಾ ಅಂತ ಮೊದಲು ನೋಡಿಸು.